ಏಳನೇ ನಿಮಿಷಕ್ಕೆ ಆರುವ ಪರದೆ

ಫೆಬ್ರುವರಿ 9, ಸೋಮವಾರ. ಬೆಳಿಗ್ಗೆ 7.20

ಇವತ್ತು ಆರು ನಿಮಿಷ ನಲವತ್ತು ಸೆಕೆಂಡು. ನಿನ್ನೆಗಿಂತ ಹತ್ತು ಸೆಕೆಂಡು ಕಡಿಮೆ.

ಎಂದಿನಂತೆ ಏಳಕ್ಕೆ ಮಗಳ ಕಂಪ್ಯೂಟರು ಆನ್ ಮಾಡಿ ಅವಳ ಫೈಲು ತೆರೆದೆ. ಮೊದಲು ಬೂದು ಬಣ್ಣದ ಮೆಟ್ಟಿಲು ಮೂಡಿತು. ಆಮೇಲೆ ಅದರ ಪಕ್ಕದ ಕಂಬಿ. ಅಷ್ಟರಲ್ಲಿ ಪೆಟ್ಟಿಗೆಯೊಳಗಿನ ಫ್ಯಾನು ಕೂಗಲು ಶುರು — ಕುಕ್ಕರು ಸೀಟಿ ಹಾಕುವ ಮುಂಚೆ ಬುಸುಗುಡುವ ಹಾಗೆ. ಪರದೆ ಕಪ್ಪು. ಆಮೇಲೆ ಏನೂ ಇಲ್ಲ.

ಮಗಳು ಹೋಗಿ ಹದಿನೆಂಟು ದಿನ. ಸ್ಕೂಟರು. ನಾಲ್ಕು ರಸ್ತೆ ಕೂಡುವಲ್ಲಿ ಲಾರಿ. ಇದಕ್ಕಿಂತ ಹೆಚ್ಚು ಬರೆಯಲಾರೆ.

ಸರ್ವಿಸ್ ಸೆಂಟರಿನವರು ವರ್ಷಕ್ಕೊಂದು ಡೈರಿ ಕೊಡುತ್ತಾರೆ. ಯಾರ ಮನೆಯ ಫ್ರಿಡ್ಜು, ಏನು ತೊಂದರೆ, ಏನು ಮಾಡಿದೆ — ಮೂವತ್ತು ವರ್ಷದಿಂದ ಬರೆದದ್ದು ಅದನ್ನೇ. ಈ ವರ್ಷ ನಮ್ಮ ಮನೆಯ ಯಂತ್ರವೊಂದೇ ಸಾಕು. ಕೆಡಿಸಿದ್ದು ಯಾರೆಂದು ಗೊತ್ತು. ರುಜುವಾತು ಬೇಕು, ಅಷ್ಟೇ.

ಫೆಬ್ರುವರಿ 10. ಬೆಳಿಗ್ಗೆ

ಕೆಡಿಸಿದವಳ ಹೆಸರು ಬರೆಯುವುದಿಲ್ಲ. ಗುಂಗುರು ಕೂದಲು, ಅದಕ್ಕೇ ಮನೆಯಲ್ಲಿ ‘ಗುಂಗುರು’ ಎನ್ನುತ್ತಿದ್ದೆವು. ಪ್ರೀತಿಯಿಂದಲೇ ಎನ್ನುತ್ತಿದ್ದೆವು, ಆಗ.

ಮಗಳ ಜೊತೆ ಓದಿದವಳು. ಇಬ್ಬರೂ ಸೇರಿ ಎರಡು ವರ್ಷದಿಂದ ಕಂಪ್ಯೂಟರಿನಲ್ಲಿ ಒಂದು ಪುಟ್ಟ ಸಿನಿಮಾ ಮಾಡುತ್ತಿದ್ದರು. ಗೊಂಬೆ ಸಿನಿಮಾ ಅಂದರೆ ಮಗಳಿಗೆ ಸಿಟ್ಟು — “ಅನಿಮೇಷನ್ ಅನ್ನಪ್ಪ, ನಿನ್ನ ಕಂಪ್ರೆಸರ್‌ನ ನಾನು ಡಬ್ಬ ಅಂತೀನಾ?” ನಿಂತು ನಿಂತು ಬೇಸತ್ತ ಮೆಟ್ಟಿಲೊಂದು ಕಟ್ಟಡ ಬಿಟ್ಟು ವಾಕಿಂಗ್ ಹೊರಡುವ ಕಥೆ. ಮೇಲಿನ ಮಹಡಿಯವರೆಲ್ಲ ಮೇಲೆಯೇ ಉಳಿಯುತ್ತಾರೆ. ಮೆಟ್ಟಿಲಿಗೆ ದನಿ ಕೊಟ್ಟವಳು ಮಗಳು. ನಾನಿನ್ನೂ ಕೇಳಿಲ್ಲ. ಮುಗಿದ ಮೇಲೆ ತೋರಿಸ್ತೀನಿ ಅಂದಿದ್ದಳು.

ಜನವರಿ 22ರ ಸಂಜೆ ಮಗಳು ಹೊರಟಿದ್ದು ಗುಂಗುರು ಮನೆಗೆ ಎಂದು ಆಮೇಲೆ ತಿಳಿಯಿತು. ಇಲ್ಲಿ ಯಂತ್ರ, ಕುರ್ಚಿ, ಅವಳದೇ ಕೋಣೆ ಎಲ್ಲ ಇದ್ದೂ ಅಲ್ಲಿಗೇಕೆ? ಗುಂಗುರು ಕರೆದಿರಬೇಕು. ಕರೆಯದಿದ್ದರೆ ಮಗಳು ಹೋಗುತ್ತಿರಲಿಲ್ಲ. ಹೋಗದಿದ್ದರೆ...

30ನೇ ತಾರೀಖು ಗುಂಗುರು ಬಂದಳು. “ಅಂಕಲ್, ಸ್ವಲ್ಪ ಫೈಲ್ ಬೇಕಿತ್ತು.” ಕಣ್ಣು ನೆಲದ ಮೇಲೆ. ಬಾಗಿಲು ಮುಂದೆ ಮಾಡಿಕೊಂಡು ಒಂದು ಗಂಟೆ ಕೂತಳು. ಯಂತ್ರ ಮೂರು ಸಲ ಆಫ್ ಆಗಿ ಆನ್ ಆದದ್ದು ಹೊರಗೆ ಕೂತ ನನಗೆ ಕೇಳಿಸಿತು. ಏನೋ ಮಾಡುತ್ತಿದ್ದಳು. ಮರುದಿನ ಮೊದಲ ಸಲ ನಾನು ಆನ್ ಮಾಡಿದೆ. ಏಳನೇ ನಿಮಿಷಕ್ಕೆ ಕಪ್ಪು.

ಪ್ರತಿ ಅವಳ ಹತ್ತಿರ. ಮೂಲ ಇಲ್ಲಿ, ಯಾರೂ ತೆರೆಯಲಾಗದ ಹಾಗೆ. ಎಷ್ಟು ಅಚ್ಚುಕಟ್ಟು.

ಫೆಬ್ರುವರಿ 12

ಪಕ್ಕದ ತಗಡು ಬಿಚ್ಚಿದೆ. ಬ್ಲೋವರಿನಿಂದ ಧೂಳು ಹಾರಿಸಿದೆ. ಮೂಲೆಗಳಿಗೆ ಪೇಂಟ್ ಬ್ರಷ್ಷು. ಒರೆಸಲು ಬಟ್ಟೆ ಹುಡುಕಿದಾಗ ಗುಂಗುರು ಅವತ್ತು ಮರೆತುಹೋದ ಹಳದಿ ದುಪಟ್ಟ ಕಂಡಿತು. ಅದರಿಂದಲೇ ಒರೆಸಿದೆ. ಚೆನ್ನಾಗಿ ಒರೆಸುತ್ತದೆ.

ಬಿಸಿಯಾಗುವುದು ಗ್ರಾಫಿಕ್ಸ್ ಕಾರ್ಡು — ಚಿತ್ರ ಬಿಡಿಸುವ ಕೆಲಸವೆಲ್ಲ ಅದರದ್ದು. ಬಿಸಿ ತೋರಿಸುವ ಒಂದು ಚೌಕವನ್ನು ಮಗಳು ಪರದೆಯ ಮೂಲೆಯಲ್ಲಿ ಇಟ್ಟುಕೊಂಡಿದ್ದಾಳೆ. 60, 75, 88, 96. ಆಮೇಲೆ ಕಪ್ಪು.

ಧೂಳು ತೆಗೆದ ಮೇಲೆ: ಏಳು ನಿಮಿಷ ಐದು ಸೆಕೆಂಡು. ಬರೀ ಇಪ್ಪತ್ತೈದು ಸೆಕೆಂಡಿನ ಲಾಭ.

ಫೆಬ್ರುವರಿ 13

ಕಾರ್ಡನ್ನೇ ಬದಲಿಸಿರಬೇಕು ಎನಿಸಿತು. ಒಳ್ಳೆಯದನ್ನು ಚೀಲಕ್ಕೆ ಹಾಕಿಕೊಂಡು ಯಾವುದೋ ಸವೆದದ್ದನ್ನು ಇಲ್ಲಿ ಸಿಕ್ಕಿಸಿ. ಅಟ್ಟದಿಂದ ಹಳೆಯ ಡಬ್ಬಿ ಇಳಿಸಿ ನಂಬರು ತಾಳೆ ನೋಡಿದೆ. ಹದಿಮೂರು ಅಕ್ಷರ, ಹದಿಮೂರೂ ಕೂಡಿದವು. ಅದೇ ಕಾರ್ಡು.

ಮತ್ತೊಮ್ಮೆ ನೋಡಿದೆ. ಅದೇ. ಬೇಜಾರಾಯಿತು.

“ಯಾಕ್ರೀ ಆ ಹುಡುಗಿ ಹಿಂದೆ ಬಿದ್ದಿದ್ದೀರಿ?” ಅಂದಳು ಇವಳು, ನನ್ನ ಹೆಂಡತಿ, ಬಾಗಿಲಲ್ಲಿ ನಿಂತು. “ನಮ್ಮನೇಲಿ ಎಷ್ಟು ದಿನ ಉಂಡು ಮಲಗಿದಾಳೆ.”

“ಅದಕ್ಕೇ. ಯಾವ ಕೋಣೇಲಿ ಏನಿದೆ ಅಂತ ಅವಳಿಗೆ ಚೆನ್ನಾಗಿ ಗೊತ್ತು.”

ಇವಳು ಮಗಳ ಕುರ್ಚಿಯ ಹಿಂಬದಿಯನ್ನು ಒಮ್ಮೆ ಸವರಿ ಹೋದಳು.

ಫೆಬ್ರುವರಿ 15, ಭಾನುವಾರ. ಮಧ್ಯಾಹ್ನ

ಸಿಕ್ಕಿತು.

ಮಗಳು ಹೇಳುತ್ತಿದ್ದ ಚಿತ್ರಸ್ಪರ್ಧೆಯ ವೆಬ್‌ಸೈಟು. ಕೊನೆಯ ಸುತ್ತಿಗೆ ಹನ್ನೆರಡು. ಒಂಬತ್ತನೆಯದು ಮೆಟ್ಟಿಲಿನ ಸಿನಿಮಾ. ಮಾಡಿದವರು ಎಂಬಲ್ಲಿ ಒಂದೇ ಹೆಸರು. ಗುಂಗುರು ಹೆಸರು. ಮೇಲೆ ಕೆಳಗೆ ಎಲ್ಲ ಒತ್ತಿ ನೋಡಿದೆ. ಮಗಳ ಹೆಸರು ಎಲ್ಲಿಯೂ ಇಲ್ಲ.

ಇವಳನ್ನು ಕರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಓದಿದಳು. “ಇಷ್ಟು ಬೇಗ ಅಳಿಸಿಬಿಟ್ಲಾ?” ಅಂದಳು.

ಅಷ್ಟು ಸಾಕು. ಇನ್ನು ಇವಳೂ ನನ್ನ ಕಡೆ.

ಫೆಬ್ರುವರಿ 16

ದೂರು ಬರೆದೆ. ಎಂಟನೇ ಕ್ಲಾಸಿನವನ ಕೈಬರಹ, ಆದರೂ ಮೂರು ಸಲ ತಿದ್ದಿ ಬರೆದೆ. ಮೊದಲ ಪ್ಯಾರಾ: ಅರ್ಧ ಕೆಲಸ ನನ್ನ ಮಗಳದ್ದು, ಹೆಸರು ಬೇಕೆಂದೇ ಬಿಡಲಾಗಿದೆ. ಎರಡನೇ ಪ್ಯಾರಾ: ಸಾಕ್ಷಿ ಸಿಗಬಾರದೆಂದು ನಮ್ಮ ಮನೆಯ ಕಂಪ್ಯೂಟರನ್ನು ಕೆಡಿಸಿದ್ದಾಳೆ.

ಎರಡನೆಯದನ್ನು ಬರೆಯುವಾಗ ಕೈ ಹಗುರವಾಗಿತ್ತು. ಸ್ನಾನ ಮಾಡಿದ ಹಾಗೆ.

ಫೆಬ್ರುವರಿ 19. ಸಂಜೆ 4

ಬಸ್ ನಿಲ್ದಾಣದ ಹಿಂದಿನ ಕಂಪ್ಯೂಟರ್ ರಿಪೇರಿ ಅಂಗಡಿಯಮ್ಮನನ್ನು ಮನೆಗೆ ಕರೆಸಿದೆ. ಮೂಗಿನ ತುದಿಯಲ್ಲಿ ಕನ್ನಡಕ, ಬಾಯಿಗೆ ಬಿಡುವಿಲ್ಲ. ಪೆಟ್ಟಿಗೆಯೊಳಗೆ ಟಾರ್ಚು ಬಿಟ್ಟು, “ಅಣ್ಣಾ, ಇಷ್ಟು ಕ್ಲೀನಾಗಿ ನಮ್ಮೆಜಮಾನ್ರು ಹಲ್ಲು ಕೂಡ ಉಜ್ಜಲ್ಲ” ಅಂದರು.

ಫ್ಯಾನುಗಳು ತಿರುಗುತ್ತಿವೆ. ಪವರ್ ಸರಿ. ಕಾರ್ಡಿನ ಸಾಫ್ಟ್‌ವೇರ್ ತೆಗೆದು ಹೊಸದಾಗಿ ಹಾಕಿದರು. ಎದುರು ಟೇಬಲ್ ಫ್ಯಾನ್ ಇಟ್ಟು ನೋಡಿದೆವು. ಎಂಟು ನಿಮಿಷ. ಕಪ್ಪು.

“ಕಾರ್ಡ್ ಬಿಚ್ಚಿ ನೋಡ್ಲಾ? ಒಳಗೆ ಬಿಸಿ ಎಳೆಯೋ ಪೇಸ್ಟು, ಮೆತ್ತನೆ ಪ್ಯಾಡು ಒಣಗಿರುತ್ತೆ.”

“ಅದು ಬೇಡ. ಜನವರಿಯಲ್ಲಿ ನಾನೇ ಹೊಸದು ಹಾಕಿದ್ದೀನಿ. ಮಗಳು ನಾನು ಸೇರಿ.”

“ನೀವಾ?”

“ಬಿಸಿ ಹೊರಗೆ ಹಾಕೋದೇ ನನ್ನ ಕಸುಬು ಕಣಮ್ಮ. ಮೂವತ್ತು ವರ್ಷ.”

“ಹಾಗಾದ್ರೆ ಡಿಸ್ಕ್ ತೆಗ್ದು ನನ್ನ ಮಷೀನಿಗೆ ಹಾಕ್ತೀನಿ, ಫೈಲು ಅಲ್ಲಿ ತೆಗೀರಿ. ಎರಡು ನಿಮಿಷದ ಕೆಲ್ಸ.”

ಒಪ್ಪಲಿಲ್ಲ. ಫೈಲು ಸಿಕ್ಕರೆ ಅರ್ಧ ಮಾತ್ರ ಗೆದ್ದ ಹಾಗೆ. ಯಂತ್ರ ಕೆಡಿಸಿದ್ದು ಹೇಗೆಂದು ಕಾಣಬೇಕು. ಕಂಡವರ ಮುಂದೆ ಅವಳು ತಲೆ ತಗ್ಗಿಸಬೇಕು.

“ನಿಮ್ಮಿಷ್ಟ ಅಣ್ಣಾ. ಜ್ವರ ಬಂದೋರು ಬಾಯಿ ತೆಗೆಯಲ್ಲ ಅಂದ್ರೆ ಡಾಕ್ಟ್ರು ಏನ್ ಮಾಡೋದು?” ಎಂದು ಚೀಲ ಹೆಗಲಿಗೇರಿಸಿದರು.

ಫೆಬ್ರುವರಿ 24

ಸ್ಪರ್ಧೆಯವರ ಉತ್ತರ. ಮಾರ್ಚ್ 20ರ ಶುಕ್ರವಾರ ಹನ್ನೊಂದಕ್ಕೆ ವಿಚಾರಣೆ. ಮೂಲ ಫೈಲು ಇರುವ ಕಂಪ್ಯೂಟರ್ ತಂದು ತೆರೆದು ತೋರಿಸಬೇಕು. ಹೆಸರು ಬಿಟ್ಟದ್ದು ನಿಜವಾದರೆ ಸಿನಿಮಾ ಪಟ್ಟಿಯಿಂದ ಹೊರಗೆ, ಅವಳು ಇನ್ನೆಂದೂ ಭಾಗವಹಿಸುವಂತಿಲ್ಲ. ಸಾಕ್ಷಿ ಕೆಡಿಸಿದ ಆರೋಪ ಇರುವುದರಿಂದ ವಿಷಯವನ್ನು ಪೊಲೀಸರಿಗೂ ಕಳಿಸಬೇಕಾಗಬಹುದು.

ಕೊನೆಯ ಸಾಲನ್ನು ಇವಳಿಗೆ ಎರಡು ಸಲ ಓದಿ ಹೇಳಿದೆ. ಇವತ್ತು ಮಧ್ಯಾಹ್ನ ಬಹಳ ದಿನದ ಮೇಲೆ ಇಬ್ಬರೂ ಹೊಟ್ಟೆ ತುಂಬ ಉಂಡೆವು.

ಮಾರ್ಚ್ 3, ಮಂಗಳವಾರ

ಇದನ್ನು ಬರೆಯಲೋ ಬೇಡವೋ. ಬರೆಯುತ್ತೇನೆ. ಓದುವವರು ಯಾರು?

ಗುಂಗುರು ತಾಯಿಯ ಫೋನು. “ಅಣ್ಣಾ, ಈ ಹೊತ್ತಲ್ಲಿ ನಿಮ್ಮನ್ನ ಕರೆಯೋಕೆ ನಾಲಿಗೆ ಏಳ್ತಿಲ್ಲ. ಫ್ರಿಡ್ಜು ಎರಡು ದಿನದಿಂದ ತಣ್ಣಗಾಗ್ತಿಲ್ಲ. ಗೊತ್ತಿರೋರು ನೀವೊಬ್ರೇ.” ದೂರಿನ ವಿಷಯ ಅವರಿಗೆ ಗೊತ್ತಿದ್ದಂತಿಲ್ಲ. ಗುಂಗುರು ತಾಯಿಗೆ ಹೇಳಿಲ್ಲ.

ಹೋದೆ. ಅವಳು ಮನೆಯಲ್ಲಿರಲಿಲ್ಲ. ತಾಯಿ ಟೀ ತಂದಿಟ್ಟರು. “ನಿಮ್ಮ ಮಗಳು ಈ ಕುರ್ಚೀಲೇ ಕೂರ್ತಿದ್ಲು” ಅಂದರು. ನಾನು ಫ್ರಿಡ್ಜಿನ ಹಿಂದೆ ಕೂತೆ. ರಿಲೇ ಸುಟ್ಟಿತ್ತು — ಕಂಪ್ರೆಸರನ್ನು ಚಾಲೂ ಮಾಡುವ ಬೆಂಕಿಪೊಟ್ಟಣದಷ್ಟು ವಸ್ತು. ಹತ್ತು ನಿಮಿಷದ ಕೆಲಸ. ಚೀಲದಲ್ಲಿ ಹೊಸದಿತ್ತು. ಕೈ ಹಾಕಿ ಮುಟ್ಟಿಯೂ ನೋಡಿದೆ. ಹೊರಗೆ ತೆಗೆಯಲಿಲ್ಲ.

“ಕಂಪ್ರೆಸರೇ ಹೋಗಿದೆ ಅಮ್ಮಾ. ಇದು ಮುಗೀತು. ಬೇರೆ ನೋಡ್ಕೊಳ್ಳಿ.”

“ಅಯ್ಯೋ, ಏನೂ ಮಾಡೋಕಾಗಲ್ವಾ?”

“ಸತ್ತಿದ್ದನ್ನ ಏನ್ ಮಾಡೋದು?”

ಅವರ ಮುಖ ಸಣ್ಣದಾಯಿತು. ಟೀ ಮುಟ್ಟದೆ ಎದ್ದು ಬಂದೆ. ಮೂವತ್ತು ವರ್ಷದಲ್ಲಿ ಬದುಕಿರುವ ಯಂತ್ರವನ್ನು ಸತ್ತಿದೆ ಎಂದದ್ದು ಇದೇ ಮೊದಲು. ದಾರಿಯುದ್ದಕ್ಕೂ ನಾಚಿಕೆ ಬರಲಿ ಎಂದು ಕಾದೆ. ಬರಲಿಲ್ಲ.

ಮಾರ್ಚ್ 12, ಗುರುವಾರ. ಮಧ್ಯಾಹ್ನ 2

ವಿಚಾರಣೆಗೆ ಇನ್ನು ಎಂಟು ದಿನ. ಪೆಟ್ಟಿಗೆಯನ್ನು ಹಳೆಯ ಬೆಡ್‌ಶೀಟಿನಲ್ಲಿ ಕಟ್ಟಿ ಅಂಗಡಿಗೆ ಒಯ್ದೆ. ಹೊಸ ಯೋಚನೆ ಬಂದಿತ್ತು — ನಾನು ಚೆನ್ನಾಗಿ ಹಾಕಿದ್ದ ಪ್ಯಾಡುಗಳನ್ನು ಅವಳೇ ಕಾರ್ಡು ಬಿಚ್ಚಿ ಕಿತ್ತಿರಬೇಕು. ಇಷ್ಟು ದಿನ ಹೊಳೆದಿರಲಿಲ್ಲ. ಬಿಚ್ಚಿದರೆ ಅಲ್ಲೇ ಸಿಕ್ಕಿಬೀಳುತ್ತಾಳೆ.

“ಅಂತೂ ಬಾಯಿ ತೆಗೆದ್ರು ರೋಗಿ” ಅಂದರು ಅಂಗಡಿಯಮ್ಮ. “ಯಾವತ್ತಿಂದ ಹೀಗೆ?”

“ಜನವರಿ ಮೂವತ್ತು.”

“ತಡೀರಿ. ಯಾವಾಗ ಯಾವಾಗ ಇದ್ದಕ್ಕಿದ್ದ ಹಾಗೆ ಆರಿಹೋಯ್ತು ಅಂತ ಇದೇ ಬರೆದಿಟ್ಕೊಂಡಿರುತ್ತೆ. ನಿಮ್ಮ ಹಾಗೇ, ಡೈರಿ.”

ಪಟ್ಟಿ ತೆರೆದರು. ಕೆಳಗಿನಿಂದ ಓದುತ್ತ ಹೋದರು. ಮಾರ್ಚ್. ಫೆಬ್ರುವರಿ. ಜನವರಿ 30, ಮೂರು ಸಲ. ಅಲ್ಲಿಗೆ ನಿಲ್ಲಲಿಲ್ಲ.

“ಅದಕ್ಕೂ ಮುಂಚೆ ಇದೆಯಲ್ಲಣ್ಣಾ. ಇಪ್ಪತ್ತೆರಡು. ಇಪ್ಪತ್ತೊಂದು, ಎರಡು ಸಲ. ಹತ್ತೊಂಬತ್ತು. ಹದಿನೇಳು... ಮೊದಲ್ನೇದು ಹನ್ನೊಂದನೇ ತಾರೀಖು, ಸಂಜೆ ಆರೂ ನಲವತ್ತು. ಅದರ ಹಿಂದೆ ಒಂದೂ ಇಲ್ಲ.”

ಜನವರಿ 11 ಭಾನುವಾರ. ಮಗಳು ನಾನು ಸೇರಿ ಪ್ಯಾಡು ಬದಲಿಸಿದ ದಿನ. ಮುಗಿದಾಗ ಐದೂವರೆ.

ಅಂಗಡಿಯಮ್ಮ ಸ್ಕ್ರೂ ಬಿಚ್ಚಿ ಕಾರ್ಡಿನ ಮೇಲಿನ ಭಾಗ ಎತ್ತಿದರು. ಎತ್ತಿ ಹಾಗೇ ಹಿಡಿದುಕೊಂಡರು. ಆಮೇಲೆ ನಕ್ಕರು.

“ಪ್ಲಾಸ್ಟಿಕ್ ಕಿತ್ತೇ ಇಲ್ಲ! ನೋಡಿ. ಒಂದು ಕಡೆ ಹಾಳೆ ತೆಗೆದಿದಾರೆ, ಈ ನೀಲಿ ಹಾಳೆ ಹಾಗೇ ಬಿಟ್ಟಿದಾರೆ. ಬಿಸಿ ಹೊರಗೆ ಹೋಗೋದೆಲ್ಲಿಂದ? ಇದರ ದಪ್ಪಕ್ಕೆ ಮೇಲಿನ ತಗಡು ಚಿಪ್ ಮೇಲೆ ಸರಿಯಾಗಿ ಕೂತೂ ಇಲ್ಲ. ಯಾವ ತಲೆಕೆಟ್ಟೋನಣ್ಣಾ ಮಾಡಿದ್ದು? ಸಿಕ್ಕಿದ್ರೆ ನನ್ನ ಲೆಕ್ಕದಲ್ಲೂ ಎರಡು ಬಿಗೀರಿ.”

ಪ್ರತಿ ಪ್ಯಾಡಿನ ಒಂದು ಮೂಲೆಯನ್ನು ಓರೆಯಾಗಿ ಕತ್ತರಿಸಲಾಗಿತ್ತು. ಮೇಲ್ಮುಖ ಯಾವುದೆಂದು ಮರೆಯದಿರಲು ನಾನು ಹಾಗೆ ಕತ್ತರಿಸುತ್ತೇನೆ. ಬೇರೆ ಯಾರೂ ಕತ್ತರಿಸುವುದಿಲ್ಲ.

ಪ್ಯಾಡು ಹಾಕಿದ್ದು ನಾನೇ ಎಂದು ಫೆಬ್ರುವರಿಯಲ್ಲಿ ಹೇಳಿದ್ದು ಅವರಿಗೆ ಮರೆತಿತ್ತು. “ಬಿಗೀತೀನಿ” ಅಂದೆ.

ಅದೇ ದಿನ. ಸಂಜೆ 6

ಕೆಡಿಸಿದವನು ಸಿಕ್ಕ. ಇವನನ್ನು ಬಿಡುವುದಿಲ್ಲ.

ಮಾರ್ಚ್ 13, ಶುಕ್ರವಾರ

ನಮ್ಮ ಮನೆಯಲ್ಲಿ ಹೊಸ ವಸ್ತುವಿನ ಪ್ಲಾಸ್ಟಿಕ್ ಕೀಳುವ ಪದ್ಧತಿ ಇಲ್ಲ. ಟಿವಿ ರಿಮೋಟು, ಗೋಡೆ ಗಡಿಯಾರದ ಗಾಜು, ಫ್ರಿಡ್ಜಿನ ಹಿಡಿ, ಮಿಕ್ಸಿ — ಎಲ್ಲಕ್ಕೂ ಬಂದಾಗಿನ ಹಾಳೆ ಹಾಗೇ ಇದೆ. ಮೂಲೆಯಲ್ಲಿ ಎದ್ದರೆ ಇವಳು ಟೇಪು ಅಂಟಿಸುತ್ತಾಳೆ. ಮಗಳು ನಗುತ್ತಿದ್ದಳು. “ನನ್ನನ್ನೂ ಹಾಗೇ ಇಟ್ಕೊಳ್ರಪ್ಪ, ಗೀರು ಬೀಳಲ್ಲ.”

ಆ ಭಾನುವಾರ ಅವಳು ಪ್ಯಾಡು ಹಿಡಿದುಕೊಂಡು ಕೇಳಿದಳು. “ಅಪ್ಪಾ, ಈ ನೀಲೀದೂ ಕೀಳ್ಬೇಕಲ್ವಾ?”

“ಇರ್ಲಿ ಬಿಡು. ಧೂಳು ಹಿಡಿಯಲ್ಲ.”

“ಖಂಡಿತಾನಾ?”

“ಬಿಸಿ ವಿಷಯ ನನಗೆ ಬಿಡಮ್ಮ.”

ಬಿಟ್ಟಳು.

ಇಪ್ಪತ್ತೆರಡರ ಪಟ್ಟಿಯಲ್ಲಿ ಕೊನೆಯದು ಸಂಜೆ 5.10. ಅವಳು ಸ್ಕೂಟರು ಹೊರಗೆ ತೆಗೆದದ್ದು 5.20ಕ್ಕೆ. ಗಡಿಯಾರ ನೋಡಿಯೇ ಕೇಳಿದ್ದೆ, ಇಷ್ಟೊತ್ತಲ್ಲಿ ಎಲ್ಲಿಗೆ ಅಂತ. “ಸ್ವಲ್ಪ ಕೆಲ್ಸ ಅಪ್ಪಾ, ಬಂದ್ಬಿಡ್ತೀನಿ.” ಯಾರೂ ಕರೆದಿರಲಿಲ್ಲ. ಇಲ್ಲಿ ಯಂತ್ರ ನಿಲ್ಲುತ್ತಿರಲಿಲ್ಲ, ಅಷ್ಟೇ.

ಅಂಗಡಿಯಮ್ಮ ಹೊಸ ಪ್ಯಾಡು ಹಾಕಿ ಕೊಟ್ಟಿದ್ದಾರೆ. ಬೆಳಿಗ್ಗೆ ಆನ್ ಮಾಡಿದೆ. 60, 64, 67. ಅಲ್ಲೇ ನಿಂತಿತು. ಏಳನೇ ನಿಮಿಷ ದಾಟಿತು. ಎಂಟು. ಹತ್ತು. ಮೆಟ್ಟಿಲಿಗೆ ಬಣ್ಣ ಬಂತು. ಕಂಬಿ, ಕಿಟಕಿ, ಮೇಲಿನ ಮಹಡಿಯಲ್ಲಿ ಬನಿಯನ್ ಒಣಗಿಸುತ್ತಿರುವ ಒಬ್ಬ ಬೋಳುತಲೆಯವನು — ನನ್ನ ಹಾಗೇ ಇದ್ದಾನೆ. ಮೆಟ್ಟಿಲು ಒಂದು ಹೆಜ್ಜೆ ಎತ್ತಿತು. ಮಗಳ ದನಿ ಬಂತು: “ಅಬ್ಬಾ, ಸೊಂಟ ಹಿಡ್ಕೊಂಡಿದೆ.”

ಆಫ್ ಮಾಡಿದೆ. ನಾನಾಗಿಯೇ.

ಇವಳಿಗೆ ಹೇಳಿಲ್ಲ.

ಮಾರ್ಚ್ 16, ಸೋಮವಾರ

ಗುಂಗುರು ಮನೆಗೆ ಹೋದೆ, ರಿಲೇ ತೆಗೆದುಕೊಂಡು. ಅವರು ಇನ್ನೂ ಬೇರೆ ಫ್ರಿಡ್ಜು ಕೊಂಡಿಲ್ಲ. ಹಾಲಿನ ಪಾತ್ರೆ ನೀರಿನ ಬೋಗುಣಿಯಲ್ಲಿ. ತಾಯಿ ಹೊರಗೆ ಹೋಗಿದ್ದರು. ಬಾಗಿಲು ತೆರೆದವಳು ಅವಳೇ. ಸೊರಗಿದ್ದಾಳೆ.

“ಕಂಪ್ರೆಸರ್ ಹೋಗಿಲ್ಲ. ಅವತ್ತು ಸುಳ್ಳು ಹೇಳಿದ್ದೆ” ಅಂದೆ.

“ಗೊತ್ತು ಅಂಕಲ್. ಬೇರೆಯವರನ್ನ ಕರೆಸಿ ತೋರಿಸಿದ್ವಿ. ರಿಲೇ ಅಂದ್ರು.”

“ಮತ್ತೆ ಹಾಕಿಸ್ಲಿಲ್ವಾ?”

“ನೀವು ಹೇಳಿದ್ದು ಸುಳ್ಳು ಅಂತ ಅಮ್ಮಂಗೆ ಗೊತ್ತಾಗ್ಬಿಡುತ್ತಲ್ಲ. ಅಮ್ಮನ ಮುಂದೆ ಹೇಳ್ಬೇಡಿ ಅಂತ ಅವರನ್ನ ಕಳಿಸ್ದೆ.”

ಫ್ರಿಡ್ಜಿನ ಹಿಂದೆ ಕೂತೆ. ಮುಖ ಕಾಣಿಸದ ಹಾಗೆ ಕೂರುವುದು ಸುಲಭ. ಅಲ್ಲಿಂದಲೇ ಕೇಳಿದೆ.

“ಯಂತ್ರ ಯಾಕೆ ನಿಲ್ತಿತ್ತು ಅಂತ ನಿನಗೆ ಗೊತ್ತಿತ್ತಾ?”

ಒಳಗೆ ಹೋದಳು. ಆಮೇಲೆ ಫೋನು ಹಿಡಿದು ನನ್ನ ಪಕ್ಕ ನೆಲದ ಮೇಲೆ ಕೂತಳು. ಮಗಳು ಕಳಿಸಿದ್ದು, ಜನವರಿ 14: ಅಪ್ಪ ಪ್ಯಾಡ್ ಹಾಕಿದ ಮೇಲೆ ಮೊದಲಿಗಿಂತ ಬಿಸಿ ಆಗ್ತಿದೆ. ಎಷ್ಟು ಖುಷಿಯಿಂದ ಮಾಡಿಕೊಟ್ಟಿದ್ದಾರೆ ಅಂದ್ರೆ ಹೇಳೋಕೆ ಮನಸ್ಸಾಗ್ತಿಲ್ಲ. ಕೊನೇ ಭಾಗ ನಿಮ್ಮನೇಲೇ ಮುಗಿಸ್ಕೋತೀನಿ. ಅಪ್ಪಂಗೆ ಗೊತ್ತಾಗೋದು ಬೇಡ.

“ನಾನು ನಿನ್ನ ಮೇಲೆ ಅಷ್ಟೆಲ್ಲ ಬರೆದೆನಲ್ಲ. ಆಗಲಾದ್ರೂ ಇದನ್ನ ತೋರಿಸ್ಬಾರದಿತ್ತಾ?”

“ತೋರಿಸಿದ್ರೆ ನೀವು ಏನಾಗ್ತಿದ್ರಿ?”

ಸಿಟ್ಟು ಬಂತು. ಈಗಲೂ ಬಂತು! ನನ್ನನ್ನು ಕಾಪಾಡಲು ಇವಳು ಯಾರು?

“ಹಾಗಾದ್ರೆ ಹೆಸರು? ಅದೂ ನನ್ನ ಒಳ್ಳೇದಕ್ಕೇನಾ?”

“ಇಲ್ಲ.” ತಲೆ ಎತ್ತಿದಳು. “ಅದು ನನ್ನ ತಪ್ಪು. ಇಬ್ಬರ ಹೆಸರಿದ್ರೆ ಇಬ್ಬರ ಸಹಿ ಬೇಕು ಅಂದ್ರು. ಅವಳ ಬದಲು ನೀವು ಹಾಕ್ಬಹುದಿತ್ತು. ನಿಮ್ಮ ಮುಂದೆ ಬಂದು ನಿಲ್ಲೋ ಧೈರ್ಯ ಆಗ್ಲಿಲ್ಲ, ಕೊನೇ ದಿನ ಬಂದ್ಬಿಡ್ತು, ಒಬ್ಬಳದೇ ಹಾಕ್ದೆ. ಅದಕ್ಕೆ ಬೈರಿ, ಬೈಸ್ಕೋತೀನಿ. ಹೊಡೀರಿ ಬೇಕಾದ್ರೆ.”

ರಿಲೇ ಸಿಕ್ಕಿಸಿ ಸ್ವಿಚ್ಚು ಹಾಕಿದೆ. ಕಂಪ್ರೆಸರು ಗುರ್ ಎಂದಿತು. ಇಬ್ಬರೂ ಆ ಸದ್ದು ಕೇಳುತ್ತ ಕೂತೆವು. ಹೊರಡುವಾಗ “ಟೀ ಅಂಕಲ್?” ಅಂದಳು. ಬೇಡ ಅಂದೆ.

ಮಾರ್ಚ್ 17. ಬೆಳಿಗ್ಗೆ

ಕೋಪ ಹೋಗಿಲ್ಲ. ಇಷ್ಟು ದಿನ ಅದಕ್ಕೊಂದು ಮನೆ ಇತ್ತು, ಅವಳ ಮನೆ. ಈಗ ವಾಪಸು ಬಂದು ನನ್ನ ಜೊತೆಯೇ ಉಣ್ಣುತ್ತಿದೆ.

ಒಂದು ಯೋಚನೆಯೂ ಬಂತು. ಅದನ್ನೂ ಬರೆಯಬೇಕು. ಸುಮ್ಮನಿದ್ದುಬಿಟ್ಟರೆ? ಅಂಗಡಿಯಮ್ಮನಿಗೆ ಯಾರೆಂದು ನೆನಪಿಲ್ಲ. ಗುಂಗುರು ಬಾಯಿ ಬಿಡುವುದಿಲ್ಲ, ಮಗಳಿಗೆ ಮಾತು ಕೊಟ್ಟಿದ್ದಾಳೆ. ಪೊಲೀಸರು ಕೇಳಿದರೂ ಬಿಡಲಿಕ್ಕಿಲ್ಲ. ಅವಳ ತಲೆಯ ಮೇಲೆಯೇ ಇರಲಿ. ಹೆಸರು ಬಿಟ್ಟದ್ದಂತೂ ನಿಜ ತಾನೆ...

ಅರ್ಧ ದಿನ ಹೀಗೇ ಕೂತಿದ್ದೆ. ಅರ್ಧ ದಿನ.

ಮಾರ್ಚ್ 18, ಬುಧವಾರ

ಸ್ಪರ್ಧೆಯ ಆಫೀಸಿಗೆ ಫೋನು ಮಾಡಿದೆ. ಎರಡನೇ ಪ್ಯಾರಾ ವಾಪಸು ತೆಗೆದುಕೊಳ್ಳುತ್ತೇನೆ, ಬರುವುದಿಲ್ಲ ಅಂದೆ.

“ಸುಮ್ಮನೆ ವಾಪಸ್ ಆಗಲ್ಲ ಸಾರ್” ಅಂದ ಗುಮಾಸ್ತ. “ಪೊಲೀಸ್ ಮಾತು ಬಂದಿದೆಯಲ್ಲ. ಬಂದು ಕಾರಣ ಹೇಳ್ಬೇಕು. ಎಲ್ಲರ ಮುಂದೆ ಬರ್ಕೋತೀವಿ.”

ಫೋನಿಟ್ಟು ತಿರುಗಿದರೆ ಇವಳು, ಮಗಳ ಸರ್ಟಿಫಿಕೇಟುಗಳನ್ನೆಲ್ಲ ಫೈಲಿಗೆ ಹಾಕುತ್ತ ಕೂತಿದ್ದಾಳೆ.

“ನಾನೂ ಬರ್ತೀನ್ರೀ ಶುಕ್ರವಾರ. ನೀವು ಮೆತ್ತಗೆ ಮಾತಾಡ್ತೀರಿ. ಮಷೀನ್ ಕೆಡಿಸಿದ್ದೂ ಅವಳೇ ಅಂತ ನಾನೇ ಹೇಳ್ತೀನಿ. ಬಿಡ್ಬಾರ್ದು ಅವಳನ್ನ.”

ನನ್ನದೇ ಮಾತು, ಒಂದಕ್ಷರ ಬದಲಾಗದೆ. ತಿಂಗಳಿಡೀ ನಾನೇ ಇವಳಿಗೆ ಉಣಿಸಿದ್ದು. ಫೆಬ್ರುವರಿಯಲ್ಲಿ ಆ ಹುಡುಗಿಯ ಪರ ಆಡಿದವಳು ಇವಳೇ ಅಲ್ಲವೇ.

“ಒಂದು ವಿಷಯ—” ಅಂದೆ.

“ಏನು?”

ಮಗಳು ಹತ್ತನೇ ಕ್ಲಾಸಿನಲ್ಲಿ ಚಿತ್ರಕಲೆಗೆ ಗೆದ್ದ ಕಾಗದ ಇವಳ ಕೈಯಲ್ಲಿತ್ತು. ಅದರ ಮೇಲೂ ಪ್ಲಾಸ್ಟಿಕ್ ಕವರು.

“ಶುಕ್ರವಾರ ಕೊಡೆ ತಗೋ. ಮೋಡ ಇದೆ” ಅಂದೆ.

ಮಾರ್ಚ್ 20, ಶುಕ್ರವಾರ. ಬೆಳಿಗ್ಗೆ 11.10

ಸ್ಪರ್ಧೆಯವರ ಆಫೀಸು, ಎರಡನೇ ಮಹಡಿ. ಕಾರಿಡಾರಿನಲ್ಲಿ ಎದುರುಬದುರು ಎರಡು ಬೆಂಚು. ಪೆಟ್ಟಿಗೆ ನನ್ನ ತೊಡೆಯ ಮೇಲೆ. ಎದುರಿನ ಬೆಂಚಿನಲ್ಲಿ ಗುಂಗುರು, ಒಬ್ಬಳೇ. ಇವಳು ಅವಳ ಮುಖ ನೋಡಬಾರದೆಂದು ಗೋಡೆ ನೋಡುತ್ತಿದ್ದಳು.

ಹತ್ತು ನಿಮಿಷದ ಕೆಳಗೆ ಹೇಳಿದೆ. ಒಳಗೆ ಬೇರೆಯವರ ಮುಂದೆ ಮೊದಲ ಸಲ ಕೇಳುವುದು ಬೇಡ ಎನಿಸಿತು. ಮೆಲ್ಲಗೆ ಹೇಳಿದೆ. ಪ್ಯಾಡು, ನೀಲಿ ಹಾಳೆ, ಹನ್ನೊಂದನೇ ತಾರೀಖು, 5.10, 5.20. ಗುಂಗುರು ಕರೆದಿರಲಿಲ್ಲ ಎಂದೂ ಹೇಳಿದೆ.

ಇವಳು ಅಳಲಿಲ್ಲ. ಒಂದೇ ಪ್ರಶ್ನೆ ಕೇಳಿದಳು. “ಕೀಳ್ಬೇಕಲ್ವಾ ಅಂತ ಅವಳು ಕೇಳಿದ್ದಳಾ?”

“ಕೇಳಿದ್ದಳು.”

ನನ್ನ ಕೈ ನೋಡಿದಳು. ಮುಖ ನೋಡಲಿಲ್ಲ. ಆಮೇಲೆ ಫೈಲು ಎತ್ತಿಕೊಂಡು ಎದ್ದು, ಕಾರಿಡಾರು ದಾಟಿ, ಗುಂಗುರು ಪಕ್ಕ ಕೂತಳು. ಗುಂಗುರು ಗಾಬರಿಯಿಂದ ಸರಿದು ಜಾಗ ಕೊಟ್ಟಳು. ಇವಳು ಅವಳ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ಈಗ ಇಬ್ಬರೂ ಅಲ್ಲಿ. ಇಬ್ಬರೂ ಈ ಕಡೆ ನೋಡುತ್ತಿಲ್ಲ. ಕೈಗೆ ಏನಾದರೂ ಕೆಲಸ ಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಗುಮಾಸ್ತ ಬಾಗಿಲು ತೆರೆದ. ದೂರು ಕೊಟ್ಟವರು ಮೊದಲು. ಎರಡನೇ ಪ್ಯಾರಾವನ್ನು ನಾನೇ ಗಟ್ಟಿಯಾಗಿ ಓದುತ್ತೇನೆ, ಗುಂಗುರು ಹೆಸರು ಇರುವಲ್ಲೆಲ್ಲ ನನ್ನ ಹೆಸರು ಹಾಕಿ.